ಅಣಬೆ ಚಾಕು, ಬ್ರಷ್ಷು, ಬಲೆ ಚೀಲ: ಮಲೆನಾಡಿನ ಮಳೇಲಿ ಬಳಸಿ ನೋಡಿದ ಮೇಲೆ ನನ್ನ ರಿವ್ಯೂ

ಆನ್‌ಲೈನಲ್ಲಿ ಅಣಬೆ ಚಾಕು ಅಂತ ಸಿಗುತ್ತಲ್ಲ, ಒಂದು ತುದೀಲಿ ಬಾಗಿದ ಮಡಚೋ ಬ್ಲೇಡು ಇನ್ನೊಂದು ತುದೀಲಿ ಗಿಡ್ಡ ಬ್ರಷ್ಷು, ಜೊತೆಗೆ ಒಂದು ಬಲೆ ಚೀಲ ಫ್ರೀ, ಅದನ್ನ ಈ ಮಳೆಗಾಲ ಪೂರ್ತಿ ಬಳಸಿದೀನಿ. ನಮ್ದು ಮೂಡಿಗೆರೆ ಕಡೆ, ಸುತ್ತ ಕಾಫಿ ತೋಟ, ಮೃಗಶಿರ ಮಳೆ ಹಿಡೀತು ಅಂದ್ರೆ ಮನೇಲಿ ಎಲ್ಲರ ಕಣ್ಣೂ ಹುತ್ತದ ಬುಡದ ಮೇಲೇ. ಸ್ಟೇಟಸ್ಸಲ್ಲಿ ಫೋಟೋ ಹಾಕಿದ್ದು ನೋಡಿ ಸಕಲೇಶಪುರದ ಕಡೆ ನೆಂಟ್ರು, ಕೊಪ್ಪದ ಫ್ರೆಂಡ್ಸು ಎಲ್ಲಾ ಇದು ತಗೋಬಹುದಾ ವೇಸ್ಟಾ ಅಂತ ಕೇಳ್ತಾನೇ ಇದಾರೆ, ಅದಕ್ಕೇ ಒಂದೇ ಸಲ ಬರೆದು ಬಿಡ್ತೀನಿ. ಬ್ರಷ್ಷಿಗೆ ಪೂರ್ತಿ ಮಾರ್ಕ್ಸು, ಚಾಕುಗೆ ಅರ್ಧ, ಬಲೆ ಚೀಲಕ್ಕೆ ಏನೂ ಇಲ್ಲ. ಯಾಕೆ ಅಂತ ಕೆಳಗೆ ಹೇಳ್ತೀನಿ.

ಇದು ಯುರೋಪಿನ ಕಡೆ ಮಾಡೆಲ್ಲು. ಫ್ರಾನ್ಸಿನ ಒಪಿನೆಲ್ ಅನ್ನೋರು 1890ರಿಂದ ಮಡಚೋ ಚಾಕು ಮಾಡ್ಕೊಂಡು ಬಂದಿದಾರೆ, ಅವರ ನಂಬರ್ 8 ಅಣಬೆ ಚಾಕು ಇದ್ರಲ್ಲಿ ಹೆಸರುವಾಸಿ, ಮರದ ಹಿಡಿ, ಹಂದಿ ಕೂದಲಿನ ಬ್ರಷ್ಷು, ಬ್ಲೇಡು ಕೈ ಮೇಲೆ ಮಡಚಿಕೊಳ್ಳದೇ ಇರೋ ಹಾಗೆ ಕುತ್ತಿಗೆ ಹತ್ರ ತಿರುಗಿಸೋ ಲೋಹದ ಉಂಗುರ, ಆ ಉಂಗುರ ಅವರು 1955ರಲ್ಲಿ ತಂದಿದ್ದಂತೆ. ನಾನು ತಗೊಂಡಿದ್ದು ಅದಲ್ಲ, ಅದೇ ನಮೂನೇಲಿ ಬೇರೆ ಯಾರೋ ಮಾಡಿರೋ ಕಮ್ಮಿ ರೇಟಿಂದು, ಕಂಪನಿ ಹೆಸರು ಬೇಡ, ಇಂಥವು ಹತ್ತಾರು ಹೆಸರಲ್ಲಿ ಬರ್ತಾವೆ, ಎಲ್ಲಾ ನೋಡೋಕೆ ಒಂದೇ ಥರ. ಹಾಗಾಗಿ ಇದನ್ನ ಒಂದು ಬ್ರ್ಯಾಂಡಿನ ರಿವ್ಯೂ ಅಂತ ಓದಬೇಡಿ, ಈ ಥರದ ಸಾಮಾನು ನಮ್ಮ ಮಣ್ಣಿಗೆ ನಮ್ಮ ಅಣಬೆಗೆ ಹೊಂದುತ್ತಾ ಅಂತ ಓದಿ.

ಇದನ್ನ ತಗೊಳೋಕೆ ಕಾರಣ ಮಣ್ಣು. ಅಣಬೆ ಸಾರು ಊಟಕ್ಕೆ ಕೂತಾಗ ಹಲ್ಲಿಗೆ ಕರಕ್ ಅಂತ ಒಂದು ಮರಳು ಸಿಕ್ರೆ ಸಾಕು, ಆಮೇಲೆ ಎಷ್ಟು ಚೆನ್ನಾಗಿ ಮಸಾಲೆ ಹುರಿದಿದ್ರೂ ಮನಸ್ಸು ಬರಲ್ಲ. ಮನೆಗೆ ತಂದ ಮೇಲೆ ನಲ್ಲಿ ಕೆಳಗೆ ಎಷ್ಟು ತೊಳೆದರೂ ಆ ಮರಳು ಹೋಗಲ್ಲ, ಯಾಕಂದ್ರೆ ಅದು ಮೇಲೆ ಇರೋದೇ ಇಲ್ಲ, ಕೊಡೆ ಕೆಳಗಿನ ಪದರದ ಸಂದಿಗೆ ಇಳಿದಿರುತ್ತೆ. ಆ ಸಂದಿಗೆ ಅದು ಹೋಗಿದ್ದು ಹೇಗೆ ಅಂತ ನೋಡಿದ್ರೆ ನೆಲದಿಂದ ಹೋಗಿದ್ದು ಕಮ್ಮಿ, ಬುಟ್ಟೀಲಿ ಹೋಗಿದ್ದೇ ಜಾಸ್ತಿ. ಬೇರಲ್ಲಿ ಮಣ್ಣು ಹಿಡ್ಕೊಂಡಿರೋ ಒಂದು ಅಣಬೆ ಬುಟ್ಟಿಗೆ ಹಾಕಿದ್ರೆ ನಡೀವಾಗ ಆ ಮಣ್ಣು ಉದುರಿ ಉದುರಿ ಕೆಳಗಿರೋ ಎಲ್ಲದರ ಪದರಕ್ಕೂ ತುಂಬುತ್ತೆ. ಹಾಗಾಗಿ ಕ್ಲೀನ್ ಮಾಡೋ ಕೆಲಸ ಕಿತ್ತ ಜಾಗದಲ್ಲೇ ಮುಗೀಬೇಕು, ಅಡುಗೆ ಮನೆಗೆ ಬಂದ ಮೇಲೆ ಶುರು ಮಾಡೋದಲ್ಲ. ನಮ್ಮತ್ತೆ ಇದನ್ನ ಮೊದಲಿಂದ್ಲೂ ಹೇಳ್ತಾರೆ, "ಮಣ್ಣು ತೋಟದ್ದು ಕಣೇ, ಅಲ್ಲೇ ಬಿಟ್ಟು ಬಾ" ಅಂತ. ಅವರು ತೆಂಗಿನ ನಾರಲ್ಲೋ ಸೆರಗಿನ ತುದೀಲೋ ಒರೆಸ್ತಾರೆ, ನನಗೆ ಬ್ರಷ್ಷು.

ಈಗ ಹುತ್ತದ ಅಣಬೆ ಹೇಗಿರುತ್ತೆ ಅಂತ ಸ್ವಲ್ಪ ಹೇಳಬೇಕು, ಇಲ್ಲಾಂದ್ರೆ ಚಾಕುಗೆ ಅರ್ಧ ಮಾರ್ಕ್ಸು ಯಾಕೆ ಅಂತ ಅರ್ಥ ಆಗಲ್ಲ. ಇದು ಗೆದ್ದಲು ಸಾಕೋ ಅಣಬೆ. ನೆಲದೊಳಗೆ ಗೂಡಲ್ಲಿ ಗೆದ್ದಲುಗಳು ಒಣ ಎಲೆ ಕಡ್ಡಿ ತಿಂದು ಅದರಿಂದ ಒಂದು ಸ್ಪಂಜಿನ ಥರದ ಗೂಡು ಕಟ್ಟುತ್ತವೆ, ಅದರ ಮೇಲೆ ಈ ಶಿಲೀಂಧ್ರ ಬೆಳೆಯುತ್ತೆ, ಗೆದ್ದಲಿಗೆ ಅದೇ ಊಟ. ಮಳೆ ಬಿದ್ದು ನೆಲ ತಣ್ಣಗಾದಾಗ ಅಲ್ಲಿಂದ ಒಂದು ಉದ್ದ ಬೇರು ಥರದ ಕಾಲು ಮಣ್ಣು ಸೀಳ್ಕೊಂಡು ಮೇಲೆ ಬರುತ್ತೆ, ಅದಕ್ಕೇ ಕೊಡೆ ನಡುವೆ ಚೂಪು ಮೊನೆ ಇರೋದು, ಮಣ್ಣು ತಳ್ಳೋಕೆ. ವಿಜ್ಞಾನದಲ್ಲಿ ಇವಕ್ಕೆ ಟರ್ಮಿಟೋಮೈಸಿಸ್ ಅಂತಾರೆ. ಗೆದ್ದಲು ಇಲ್ದೇ ಇದು ಬೆಳೆಯಲ್ಲ, ಅದಕ್ಕೇ ಬಟನ್ ಮಶ್ರೂಮ್ ಥರ ಶೆಡ್ಡಲ್ಲಿ ಬೆಳೆದು ಮಾರೋಕೆ ಆಗಿಲ್ಲ, ಅದಕ್ಕೇ ಮಳೆಗಾಲದಲ್ಲಿ ರೋಡ್ ಪಕ್ಕ ಬಾಳೆಲೇಲಿ ಕಟ್ಟಿಟ್ಟು ಮಾರೋರ ಹತ್ರ ಕಾರುಗಳು ಸಾಲಾಗಿ ನಿಲ್ಲೋದು.

ಮೊನೆ ಮಣ್ಣು ಸೀಳಿ ಬರೋದ್ರಿಂದ ಕೊಡೆ ಮೇಲೆ, ಮುಖ್ಯವಾಗಿ ಆ ಮೊನೆ ಸುತ್ತ, ಕೆಂಪು ಮಣ್ಣು ಅಂಟಿರುತ್ತೆ. ಬೇರಿನ ಸುತ್ತ ಮಣ್ಣು ಒಂದು ಪೊರೆ ಥರ ಹಿಡಿದಿರುತ್ತೆ. ಮಧ್ಯದ ಭಾಗ ಮಾತ್ರ ಬೆಳ್ಳಗೆ ಶುದ್ಧ. ನಾನು ಮಾಡೋದು ಹೀಗೆ, ಎರಡು ಬೆರಳು ನೆಲದ ಮಟ್ಟಕ್ಕಿಂತ ಸ್ವಲ್ಪ ಕೆಳಗೆ ಇಳಿಸಿ ಕಾಲನ್ನ ಹಿಡಿದು ನಿಧಾನಕ್ಕೆ ತಿರುಗಿಸ್ತಾ ಎತ್ತೋದು, ಒಂದು ಗೇಣು ಬೇರು ಕೆಲವು ಸಲ ಪೂರ್ತಿ ಬರುತ್ತೆ ಕೆಲವು ಸಲ ಅರ್ಧಕ್ಕೆ ಮುರಿಯುತ್ತೆ, ಬಂದ ತಕ್ಷಣ ಕೊಡೆ ಮೇಲ್ಮುಖವಾಗೇ ಇಟ್ಕೊಂಡು ಬಿಳಿ ಮುಗಿದು ಕಂದು ಶುರುವಾಗೋ ಕಡೆ ಚಾಕೂಲಿ ಒಂದೇ ಏಟಿಗೆ ಕತ್ತರಿಸೋದು. ಇದೇ ಮೊದಲು, ಬ್ರಷ್ಷು ಆಮೇಲೆ. ಬುಡ ಕತ್ತರಿಸದೇ ಬ್ರಷ್ ಮಾಡಿದ್ರೆ ಕೈ ಅಲ್ಲಾಡಿದಾಗೆಲ್ಲಾ ಬೇರಿನ ಮಣ್ಣು ಮತ್ತೆ ಉದುರುತ್ತೆ. ಕತ್ತರಿಸಿದ ಮೇಲೆ ಮೊನೆಯಿಂದ ಅಂಚಿನ ಕಡೆಗೆ, ಒಳಗಿಂದ ಹೊರಕ್ಕೆ, ಹಗುರವಾಗಿ ಬ್ರಷ್ ಎಳೆಯೋದು, ಆಮೇಲೆ ಕಾಲಿಗೆ ಮೇಲಿಂದ ಕೆಳಕ್ಕೆ. ಕೊಡೆ ಕೆಳಗಿನ ಪದರಕ್ಕೆ ಮಾತ್ರ ಬ್ರಷ್ ತಾಗಿಸಲೇಬಾರದು, ಅದು ಅಷ್ಟು ಮೃದು, ಮುರಿದು ಸಂದಿಗೆ ಇನ್ನೂ ಕಸ ತಳ್ಳಿದ ಹಾಗೆ ಆಗುತ್ತೆ. ಅಲ್ಲಿ ಏನಾದ್ರೂ ಕಡ್ಡಿ, ಹುಳ, ಸಿಲ್ವರ್ ಓಕ್ ಎಲೆ ಚೂರು ಇದ್ರೆ ಕೊಡೆ ಮೇಲೆ ಬೆರಳಲ್ಲಿ ಎರಡು ಸಲ ತಟ್ಟಿದ್ರೆ ಬೀಳುತ್ತೆ, ಇಲ್ಲಾ ಬಾಯಲ್ಲಿ ಊದಿ.

ಬ್ರಷ್ಷಿಗೆ ಪೂರ್ತಿ ಮಾರ್ಕ್ಸು ಕೊಟ್ಟಿದ್ದು ಇಲ್ಲೇ. ಒಂದು ಕೈಲಿ ಅಣಬೆ, ಮೊಣಕೈಲಿ ಬುಟ್ಟಿ, ತಲೆ ಮೇಲೆ ಮಳೆ, ಕಾಲಿಗೆ ಇಂಬಳ (ಜಿಗಣೆ) ಹತ್ತುತ್ತಾ ಇದೆ, ಅಂಥಾ ಟೈಮಲ್ಲಿ ಚಾಕು ಒಂದು ಜೇಬಲ್ಲಿ ಬ್ರಷ್ಷು ಇನ್ನೊಂದು ಜೇಬಲ್ಲಿ ಹುಡುಕ್ತಾ ನಿಲ್ಲೋಕೆ ಆಗಲ್ಲ. ಇದ್ರಲ್ಲಿ ಕತ್ತರಿಸಿ ಹಿಡೀನ ಕೈಯಲ್ಲೇ ತಿರುಗಿಸಿದ್ರೆ ಬ್ರಷ್ಷು ರೆಡಿ. ಕೂದಲು ಗಿಡ್ಡಕ್ಕೆ ದಟ್ಟವಾಗಿದೆ, ಒಣ ಮಣ್ಣು ಒಂದೇ ಎಳೆತಕ್ಕೆ ಹೋಗುತ್ತೆ. ಮೊದಮೊದಲು ಸ್ವಲ್ಪ ಬಿರುಸು, ಒದ್ದೆ ಅಣಬೆ ಮೇಲೆ ಸಿಪ್ಪೆ ಗೀರುತ್ತೆ, ನಾಲ್ಕು ದಿನ ಬಳಸಿದ ಮೇಲೆ ಹದಕ್ಕೆ ಬಂತು. ಜೋರು ಮಳೆಗೆ ಸಿಡಿದ ಕೆಸರು ಇದ್ರೆ ಮಾತ್ರ ಬ್ರಷ್ಷಿಂದ ಏನೂ ಉಪಯೋಗ ಇಲ್ಲ, ಮೆತ್ತಿಕೊಳ್ಳುತ್ತೆ ಅಷ್ಟೇ, ಅದಕ್ಕೆ ಒದ್ದೆ ಬಟ್ಟೆ ಚೂರೇ ಸರಿ. ಧರೆ (ಕಡಿದಾದ ಮಣ್ಣಿನ ದಿಬ್ಬ) ಅಂಚಲ್ಲಿ, ಬರೀ ಮಣ್ಣಿರೋ ಕಡೆ ಎದ್ದ ಅಣಬೆಗೆ ಈ ಕೆಸರು ಜಾಸ್ತಿ, ಕಾಫಿ ಗಿಡದ ಬುಡದಲ್ಲಿ ದರಗು (ಉದುರಿದ ಒಣ ಎಲೆ) ಹಾಸಿರೋ ಕಡೆ ಎದ್ದಿದ್ದು ಹೆಚ್ಚು ಕಮ್ಮಿ ಕ್ಲೀನಾಗೇ ಇರುತ್ತೆ. ಅರಳದೇ ಇರೋ ಮೊಗ್ಗಂತೂ ಬಂಗಾರ, ಪದರ ಇನ್ನೂ ಮುಚ್ಚಿರೋದ್ರಿಂದ ಒಳಗೆ ಒಂದು ಕಾಳು ಮಣ್ಣೂ ಹೋಗಿರಲ್ಲ, ರುಚೀಗೂ ಅದೇ ಮೇಲು.

ಇನ್ನು ಚಾಕು. ಬಾಗಿದ ಬ್ಲೇಡು ಯುರೋಪಿನ ದಪ್ಪ ಕಾಲಿನ ಅಣಬೆ ನೆಲದ ಮಟ್ಟಕ್ಕೆ ಕೊಯ್ಯೋಕೆ ಚೆನ್ನ, ನಮ್ಮ ಹುತ್ತದ ಅಣಬೇಗೆ ಆ ಬಾಗು ಬೇಕಾಗಿಲ್ಲ, ಸಾದಾ ತರಕಾರಿ ಚಾಕು ಇದೇ ಕೆಲಸ ಮಾಡುತ್ತೆ. ಬ್ಲೇಡಿನ ಬೆನ್ನಲ್ಲಿ ಹಲ್ಲು ಥರ ಕೊರೆದಿದಾರೆ, ಗಟ್ಟಿ ಮಣ್ಣು ಕೆರೆಯೋಕೆ, ಅದು ಮಾತ್ರ ಕಾಲಿನ ಮೇಲಿನ ಪೊರೆ ತೆಗೆಯೋಕೆ ನಿಜವಾಗ್ಲೂ ಒಳ್ಳೇದು. ದೊಡ್ಡ ತೊಂದರೆ ಮರದ ಹಿಡೀದು. ಆಷಾಢದ ಮಳೇಲಿ ನೆಂದೂ ನೆಂದೂ ಮರ ಉಬ್ಬಿ ಬ್ಲೇಡು ಸಂದಿಂದ ಹೊರಗೇ ಬರಲ್ಲ, ಉಗುರು ಮುರಿಯೋ ಹಾಗೆ ಎಳೀಬೇಕು. ಮನೆಗೆ ಬಂದು ಒಲೆ ಹತ್ರ, ಒಲೆ ಮೇಲಲ್ಲ, ಸ್ವಲ್ಪ ದೂರದಲ್ಲಿ ಒಣಗಿಸಿ, ಸಂದಿಗೆ ಒಂದು ಹನಿ ಕೊಬ್ಬರಿ ಎಣ್ಣೆ ಬಿಟ್ಟಿಟ್ರೆ ಮಾರನೇ ದಿನ ಸರಿ ಹೋಗುತ್ತೆ. ಬ್ರಷ್ಷನ್ನೂ ಒಣಗಿಸ್ಲೇಬೇಕು, ಒದ್ದೆ ಹಾಗೇ ಜೇಬಲ್ಲಿ ಬಿಟ್ರೆ ಕೂದಲ ಬುಡದಲ್ಲಿ ಬೂಷ್ಟು ಹಿಡಿಯುತ್ತೆ, ಆ ಬ್ರಷ್ಷಲ್ಲಿ ತಿನ್ನೋ ಪದಾರ್ಥ ಉಜ್ಜೋಕಾಗುತ್ತಾ. ಪ್ಲಾಸ್ಟಿಕ್ ಹಿಡೀದೂ ಸಿಗ್ತಾವೆ, ನಮ್ಮ ಹವಾಕ್ಕೆ ಅದೇ ವಾಸಿ ಅನ್ಸುತ್ತೆ.

ಚಾಕು ಇನ್ನೊಂದಕ್ಕೆ ಉಪಯೋಗ ಆಯ್ತು, ಹುಳ ನೋಡೋಕೆ. ಪೂರ್ತಿ ಅರಳಿ ಒಂದು ದಿನ ಕಳೆದ ಅಣಬೆ ಕಾಲನ್ನ ಅಡ್ಡ ಕತ್ತರಿಸಿ ನೋಡಿದ್ರೆ ಒಳಗೆ ಸೂಜಿ ಚುಚ್ಚಿದ ಹಾಗೆ ತೂತು ಕಾಣುತ್ತೆ, ನೊಣದ ಮರಿ ಹುಳದ ದಾರಿ ಅದು. ಅಂಥದ್ದನ್ನ ಅಲ್ಲೇ ಹುತ್ತದ ಹತ್ರ ಬಿಟ್ಟು ಬರೋದು, ಬುಟ್ಟಿಗೆ ಹಾಕಿದ್ರೆ ಬೇರೆದಕ್ಕೂ ಹರಡುತ್ತೆ.

ಕೀಳಬೇಕಾ ಕೊಯ್ಯಬೇಕಾ ಅಂತ ವಾದ ಮಾಡೋರು ತುಂಬಾ ಇದಾರೆ, ಕಿತ್ರೆ ಮುಂದಿನ ವರ್ಷ ಬರಲ್ಲ ಅಂತ. ಸ್ವಿಟ್ಜರ್ಲೆಂಡಲ್ಲಿ 1975ರಲ್ಲಿ ಶುರು ಮಾಡಿ 29 ವರ್ಷ ಇದನ್ನೇ ನೋಡಿದಾರೆ, ಒಂದು ಕಡೆ ಕಿತ್ತು ಒಂದು ಕಡೆ ಕೊಯ್ದು ಒಂದು ಕಡೆ ಮುಟ್ಟದೇ ಬಿಟ್ಟು. ಕಿತ್ರೂ ಕೊಯ್ದ್ರೂ ಮುಂದಿನ ಬೆಳೆ ಕಮ್ಮಿ ಆಗಿಲ್ಲ, ಜನ ಓಡಾಡಿ ನೆಲ ತುಳಿದಿದ್ದಕ್ಕೆ ಆ ವರ್ಷ ಎದ್ದಿದ್ದು ಕಮ್ಮಿ ಆಯ್ತು ಅಂತ ಗೊತ್ತಾಯ್ತು. ಅದು ಅಲ್ಲಿನ ಕಾಡಿನ ಅಣಬೆ, ನಮ್ದು ಗೆದ್ದಲು ಗೂಡಿನದ್ದು, ಆದ್ರೆ ತುಳೀಬಾರದು ಅನ್ನೋದು ಇಲ್ಲಿಗೂ ಸರಿಯಾಗೇ ಇದೆ. ಉದ್ದ ಬೇರು ಪೂರ್ತಿ ಬೇಕು ಅಂತ ಚಾಕೂಲಿ ಹುತ್ತ ಬಗೆಯೋರನ್ನ ನೋಡಿದ್ರೆ ನನಗೆ ಹೊಟ್ಟೆ ಉರಿಯುತ್ತೆ, ಕೆಳಗಿನ ಗೂಡು ಹಾಳಾದ್ರೆ ಅಣಬೆ ಎಲ್ಲಿಂದ ಬರಬೇಕು.

ನುಚ್ಚಣಬೆಗೆ ಈ ಸೆಟ್ಟು ಏನೇನೂ ಹೊಂದಲ್ಲ. ಅದೂ ಇದೇ ಜಾತಿ, ಆದ್ರೆ ಬೆರಳ ಉಗುರಿನಷ್ಟೂ ಇರಲ್ಲ, ಗೆದ್ದಲುಗಳು ಗೂಡಿನ ಚೂರು ಹೊರಗೆ ತಂದು ಹಾಕಿದ ಕಡೆ ಸಾವಿರಗಟ್ಟಲೆ ಒಟ್ಟಿಗೆ ಏಳುತ್ತೆ. ಒಂದೊಂದಕ್ಕೂ ಬ್ರಷ್ ಹಾಕ್ತಾ ಕೂತ್ರೆ ಸಂಜೆ ಆಗುತ್ತೆ. ಇದನ್ನ ಮುಷ್ಟಿ ಹಿಡಿದು ಕಿತ್ರೆ ಮಣ್ಣೂ ಜೊತೆಗೇ ಬರುತ್ತೆ, ಕತ್ತರೀಲಿ ನೆಲದ ಮೇಲೆ ಕತ್ತರಿಸಿ ನೇರ ಬಾಳೆಲೆ ಮೇಲೆ ಬೀಳೋ ಹಾಗೆ ಮಾಡೋದೇ ಉಪಾಯ. ಇದನ್ನ ಮನೇಲಿ ತೊಳೀಲೇಬೇಕು, ಅದಕ್ಕೊಂದು ಕ್ರಮ ಇದೆ. ಅಗಲ ಪಾತ್ರೇಲಿ ನೀರು ತುಂಬಿ ಒಂದು ಚಮಚ ಉಪ್ಪು ಹಾಕಿ ಅಣಬೆ ಬಿಟ್ಟು ಕೈಯಲ್ಲಿ ಒಂದೆರಡು ಸಲ ಆಡಿಸಿ, ಮಣ್ಣು ತಳಕ್ಕೆ ಕೂರುತ್ತೆ, ಅಣಬೆ ಮೇಲೆ ತೇಲುತ್ತೆ, ಆಗ ಅಣಬೇನ ಮೇಲಿಂದ ಜಾಲರಿ ಸೌಟಲ್ಲಿ ಎತ್ತಿಕೊಳ್ಳಿ. ಪಾತ್ರೆ ಬಗ್ಗಿಸಿ ನೀರು ಸೋಸಿದ್ರೆ ತಳದ ಮಣ್ಣೆಲ್ಲಾ ವಾಪಸ್ ಅಣಬೆ ಮೇಲೇ ಬೀಳುತ್ತೆ. ಎರಡು ನೀರು ಹೀಗೆ ಮಾಡಿದ್ರೆ ಸಾಕು. ತೊಳೆದಿದ್ದನ್ನ ಇಡೋಕೆ ಹೋಗಬೇಡಿ, ತಕ್ಷಣ ಒಲೆಗೆ. ನಾಳೆಗೆ ಇಡೋದಿದ್ರೆ ತೊಳೆಯದೇ, ಬ್ರಷ್ ಮಾಡಿದ್ದು ಹಾಗೇ ಪೇಪರಲ್ಲಿ ಸುತ್ತಿ ಫ್ರಿಜ್ಜಲ್ಲಿಡಿ.

ಬಲೆ ಚೀಲದ ವಿಷಯ. ಅಣಬೆ ಬೀಜ ದಾರೀಲಿ ಉದುರಲಿ, ಗಾಳಿ ಆಡಲಿ ಅಂತ ಬಲೆ ಕೊಡ್ತಾರಂತೆ, ಐಡಿಯಾ ತಪ್ಪಲ್ಲ. ಆದ್ರೆ ಚೀಲ ಮೆತ್ತಗೆ, ಎತ್ತಿದ ಕೂಡ್ಲೇ ಎಲ್ಲಾ ತಳಕ್ಕೆ ಒತ್ತಿಕೊಂಡು ಕೊಡೆ ಹರಿದು ಚೂರಾಗುತ್ತೆ, ಕಾಫಿ ಗಿಡದ ರೆಕ್ಕೆಗೆ (ಕೊಂಬೆಗೆ) ಬೇರೆ ಸಿಕ್ಕಿಕೊಳ್ಳುತ್ತೆ, ಮಳೆ ನೀರು ನೇರ ಒಳಗೆ. ನಮ್ಮ ಬಿದಿರು ಬುಟ್ಟೀನೇ ಸರಿ, ತಳಕ್ಕೆ ಬಾಳೆಲೆ ಹಾಸಿ, ಮೇಲೊಂದು ಬಾಳೆಲೆ ಮುಚ್ಚಿ. ಅಡಿಕೆ ಹಾಳೇಲಿ ಮಡಚಿದ ತಟ್ಟೆ ಇನ್ನೂ ಒಳ್ಳೇದು, ಗಟ್ಟಿ ಇರುತ್ತೆ, ಮಣ್ಣಾದ್ರೆ ಒರೆಸಬಹುದು. ಅಣಬೇನ ಕೊಡೆ ಮೇಲೆ ಬರೋ ಹಾಗೆ ಜೋಡಿಸಿ, ಆಗ ಮೇಲಿಂದ ಬಿದ್ದ ಕಸ ಪದರಕ್ಕೆ ಇಳಿಯಲ್ಲ. ಪ್ಲಾಸ್ಟಿಕ್ ಕವರು, ಗೊಬ್ಬರದ ಚೀಲ ಮಾತ್ರ ಬೇಡವೇ ಬೇಡ, ಅಣಬೇಲಿ ನೂರಕ್ಕೆ ತೊಂಬತ್ತರಷ್ಟು ನೀರೇ ಇರೋದು, ಕವರಲ್ಲಿ ಬೆವೆತು ಮಧ್ಯಾಹ್ನದೊಳಗೆ ಲೋಳೆ ಆಗುತ್ತೆ, ಅದ್ರಲ್ಲೂ ಗೊಬ್ಬರದ ಚೀಲದಲ್ಲಿ ತಿನ್ನೋದು ತರೋದು ಅಂದ್ರೆ ಏನು ಹೇಳೋದು.

ಗೊಬ್ಬರ ಅಂದಾಗ ನೆನಪಾಯ್ತು, ಬ್ರಷ್ಷಿಗೆ ಹೋಗದೇ ಇರೋ ಕೊಳೆ ಒಂದಿದೆ. ತೋಟದಲ್ಲಿ ಮಳೆಗಾಲಕ್ಕೆ ಮುಂಚೆ, ಮಳೆ ನಡುವೆ ಬಿಡುವು ಕೊಟ್ಟಾಗ ಬೋರ್ಡೋ ಅನ್ನೋ ಶಿಲೀಂಧ್ರನಾಶಕ ದ್ರಾವಣ ಹೊಡೀತೀವಿ, 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ 1 ಕೆಜಿ ಸುಣ್ಣ, ಕಾಳುಮೆಣಸಿನ ಬುಡಕ್ಕೂ ತಾಮ್ರದ ಔಷಧಿ ಹೋಗುತ್ತೆ, ಕೆಲವರು ಕಳೆನಾಶಕಾನೂ ಹೊಡೀತಾರೆ. ಅಣಬೆ ನೆಲದಲ್ಲಿರೋ ಲೋಹದ ಅಂಶ ಹೀರಿಕೊಳ್ಳೋ ಜೀವ. ಮೇಲೆ ನೀಲಿ ಚುಕ್ಕೆ ಕಂಡಿದ್ದು ಬ್ರಷ್ಷಿಗೆ ಹೋಗಬಹುದು, ಒಳಗೆ ಹೋಗಿದ್ದು ನೀರಿಗೂ ಹೋಗಲ್ಲ ಬೆಂಕಿಗೂ ಹೋಗಲ್ಲ. ಔಷಧಿ ಬಿದ್ದ ಬ್ಲಾಕಲ್ಲಿ ಎಷ್ಟೇ ಚಂದ ಎದ್ದಿದ್ರೂ ಬಿಟ್ಟು ಬನ್ನಿ. ಬೇರೆಯವರ ತೋಟ ಆದ್ರೆ ಮೇಸ್ತ್ರೀನ ಕೇಳಿ, "ಅಣ್ಣ, ಈ ಕಡೆ ಔಷಧಿ ಹೊಡೆದಿದ್ದು ಯಾವಾಗ" ಅಂದ್ರೆ ಹೇಳ್ತಾರೆ, ಹಾಗೇ ಆನೆ ಎಲ್ಲಿದೆ ಅಂತಾನೂ ಹೇಳ್ತಾರೆ, ಸಕಲೇಶಪುರ ಬೇಲೂರು ಆಲೂರು ಕಡೆಯೋರಿಗೆ ಇದು ಅಣಬೆಗಿಂತ ಮುಖ್ಯ.

ಇನ್ನೊಂದು ವಿಷಯ ಇದೆ, ಈ ಚಾಕು ಮಾರೋರು ಯಾರೂ ಹೇಳಲ್ಲ, ದಯವಿಟ್ಟು ಗಮನ ಕೊಡಿ. ಬುಡ ಕತ್ತರಿಸಿ ಬ್ರಷ್ ಹಾಕೋದು ಗುರುತು ಪಕ್ಕಾ ಇರೋ ಅಣಬೆಗೆ ಮಾತ್ರ. ಅಮಾನಿಟಾ ಜಾತೀಲಿ ಪ್ರಾಣ ತೆಗೆಯೋ ಅಣಬೆಗಳಿವೆ, ಅವುಗಳ ಗುರುತು ಇರೋದೇ ಬುಡದಲ್ಲಿ, ಮಣ್ಣೊಳಗೆ ಒಂದು ಬಟ್ಟಲಿನ ಥರದ ಚೀಲ, ಕಾಲಿನ ಮೇಲೆ ಉಂಗುರ, ಕೆಲವಕ್ಕೆ ಕೊಡೆ ಮೇಲೆ ಬಿಳಿ ಹೊಪ್ಪಳೆ. ನೆಲದ ಮಟ್ಟಕ್ಕೆ ಕೊಯ್ದು ಮೇಲೆ ಬ್ರಷ್ ಎಳೆದ್ರೆ ಆ ಬಟ್ಟಲು ಮಣ್ಣಲ್ಲೇ ಉಳೀತು, ಹೊಪ್ಪಳೆ ಉದುರಿ ಹೋಯ್ತು, ಕೈಲಿರೋದು ಬೆಳ್ಳಗೆ ಕ್ಲೀನಾಗಿರೋ ಒಂದು ಅಣಬೆ, ಮನೇಲಿ ಹಿರಿಯರಿಗೆ ತೋರಿಸಿದ್ರೂ ಅವರಿಗೆ ಏನೂ ಗೊತ್ತಾಗಲ್ಲ. ಅನುಮಾನ ಇದ್ರೆ ಬುಡ ಸಮೇತ ಮಣ್ಣು ಸಮೇತ ಎಬ್ಬಿಸಿ ಬೇರೆ ಎಲೇಲಿ ಸುತ್ತಿ ತನ್ನಿ, ತಿನ್ನೋ ಅಣಬೆ ಬುಟ್ಟಿಗೆ ಸೇರಿಸಲೇಬೇಡಿ. ಅರಿಶಿನ ಹಾಕಿದ್ರೆ ಬಣ್ಣ ಬದಲಾಗುತ್ತೆ, ಬೆಳ್ಳಿ ಚಮಚ ಕಪ್ಪಾಗುತ್ತೆ, ಬೆಳ್ಳುಳ್ಳಿ ನೀಲಿ ಆಗುತ್ತೆ, ಹುಳ ತಿಂದಿದ್ರೆ ನಾವೂ ತಿನ್ನಬಹುದು ಅನ್ನೋದೆಲ್ಲಾ ನಂಬೋ ಹಾಗಿಲ್ಲ. ಆ ವಿಷ ಬೇಯಿಸಿದ್ರೂ ಹೋಗಲ್ಲ, ವಾಂತಿ ಭೇದಿ ಶುರುವಾಗೋಕೆ ಸಾಮಾನ್ಯವಾಗಿ 6 ಗಂಟೆ ಮೇಲೇ ಆಗುತ್ತೆ, ನಡುವೆ ಸ್ವಲ್ಪ ಹುಷಾರಾದ ಹಾಗೆ ಅನ್ಸಿ ಆಮೇಲೆ ಲಿವರ್ ಕೈ ಕೊಡುತ್ತೆ. ತಿಂದ ಮೇಲೆ ಯಾರಿಗಾದ್ರೂ ಹೊಟ್ಟೆ ಕೆಟ್ರೆ ಉಳಿದ ಅಣಬೆ ಕೈಲಿ ಹಿಡ್ಕೊಂಡೇ ಆಸ್ಪತ್ರೆಗೆ ಹೋಗಿ. ನಮ್ಮನೇಲಿ ಹುತ್ತದ್ದು, ನುಚ್ಚಣಬೆ, ಅದೂ ಅತ್ತೆ ನೋಡಿ ಹೂಂ ಅಂದ ಮೇಲೇ ಒಲೆ ಹತ್ತೋದು, ಹೊಸ ಜಾತಿ ಟ್ರೈ ಮಾಡೋ ಅಭ್ಯಾಸ ನಮಗಿಲ್ಲ.

ದುಡ್ಡಿನ ಲೆಕ್ಕ. ನಾನು ಕೊಟ್ಟಿದ್ದು 600 ರೂಪಾಯಿ ಆಸುಪಾಸು. ಅಷ್ಟು ಯಾಕೆ ಅನ್ನೋರಿಗೆ ಹಾರ್ಡ್‌ವೇರ್ ಅಂಗಡೀಲಿ ಪೇಂಟ್ ಹೊಡೆಯೋ 1 ಇಂಚಿನ ಬ್ರಷ್ಷು ಸಿಗುತ್ತೆ, ತೀರಾ ಅಗ್ಗ, ಹೊಸದೇ ತಗೊಳ್ಳಿ, ಮನೆಗೆ ತಂದು ಸೋಪಲ್ಲಿ ತೊಳೆದು ಉದುರೋ ಕೂದಲೆಲ್ಲಾ ಎಳೆದು ಹಾಕಿ ಒಣಗಿಸಿ, ಒಂದು ದಾರ ಕಟ್ಟಿ ಕುತ್ತಿಗೆಗೆ ನೇತು ಹಾಕ್ಕೊಳ್ಳಿ, ಜೊತೆಗೆ ಮನೇಲಿರೋ ಸಣ್ಣ ಚಾಕು. ಮುಕ್ಕಾಲು ಪಾಲು ಕೆಲಸ ಅದ್ರಲ್ಲೇ ಆಗುತ್ತೆ, ಮೃದು ಕೂದಲಾದ್ರಿಂದ ಅರಳಿದ ಅಣಬೆಗೆ ಇನ್ನೂ ನಾಜೂಕು. ಅಪರೂಪಕ್ಕೆ ಒಂದು ಸಲ ಹೋಗೋರು ಅದನ್ನೇ ಮಾಡಿ. ಮಳೆಗಾಲ ಪೂರ್ತಿ ಬೆಳಗಾದ್ರೆ ತೋಟ ಸುತ್ತೋರಿಗೆ, ಒಂದೇ ಕೈಲಿ ಎಲ್ಲಾ ಮಾಡ್ಬೇಕಾದೋರಿಗೆ ಈ ಚಾಕು ಬ್ರಷ್ಷು ತಗೊಳ್ಳಿ ಅಂತ ಧೈರ್ಯವಾಗಿ ಹೇಳ್ತೀನಿ. ತಗೊಳೋವಾಗ ಮೂರು ನೋಡಿ, ಬ್ಲೇಡು ಸ್ಟೇನ್‌ಲೆಸ್ಸಾ, ಲಾಕ್ ಗಟ್ಟಿ ನಿಲ್ಲುತ್ತಾ, ಹಿಡಿ ಕೊನೇಲಿ ದಾರ ಪೋಣಿಸೋಕೆ ತೂತು ಇದೆಯಾ. ಮರದ ಬಣ್ಣದ ಹಿಡಿ ದರಗಲ್ಲಿ ಬಿದ್ರೆ ಸಿಗೋದು ಕಷ್ಟ, ಕೆಂಪು ದಾರ ಕಟ್ಟಿ. ಆರ್ಡರ್ ಮಾಡೋದಿದ್ರೆ ಮೇ ತಿಂಗಳಲ್ಲೇ ಮಾಡಿ, ಆರಿದ್ರಾ ಮಳೆ ಶುರುವಾದ ಮೇಲೆ ಧರೆ ಕುಸಿದು ರೋಡ್ ಬಂದ್ ಆಯ್ತು ಅಂದ್ರೆ ನಮ್ಮ ಹೋಬಳಿ ಕಡೆ ಪಾರ್ಸೆಲ್ಲು ಬರೋಷ್ಟರಲ್ಲಿ ಅಣಬೆ ಮುಗಿದಿರುತ್ತೆ.